ಕುಬಸದ ಮನೆಯಲ್ಲಿ ಕೈಕೊಟ್ಟ ಕ್ಯಾಮೆರಾ

ಇಳಕಲ್ಲಿನ ಬಸ್ ನಿಲ್ದಾಣದಿಂದ ಊರೊಳಗೆ ಹೋಗುವ ದಾರಿಯಲ್ಲಿ ನಮ್ಮಪ್ಪನ ಫೋಟೊ ಸ್ಟುಡಿಯೊ ಇತ್ತು. ಮುಂದೆ ಒಂದು ಕೌಂಟರು, ಹಿಂದೆ ಪರದೆ ಇಳಿಬಿಟ್ಟ ಕೋಣೆ, ಅದರೊಳಗೆ ಒಂದು ಸ್ಟೂಲು ಮತ್ತು ಛತ್ರಿ ಕಟ್ಟಿದ ದೀಪಗಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಹೊತ್ತು ಹೋಗಲಿ ಎಂದು ಅಪ್ಪನ ಜೊತೆ ಅಲ್ಲಿಗೆ ಹೋಗತೊಡಗಿದೆ. ಬರುಬರುತ್ತ ಅದೇ ನನ್ನ ಕೆಲಸವಾಯಿತು. ಬಸುರಿಗೆ ಮಾಡುವ ಕುಬಸ, ತೊಟ್ಟಿಲು, ಹೆಣ್ಣು ದೊಡ್ಡವಳಾದ ಕಾರ್ಯ, ಇಂಥವಕ್ಕೆಲ್ಲ ನನ್ನನ್ನೇ ಕರೆಯುತ್ತಿದ್ದರು. ಹೆಂಗಸರೇ ತುಂಬಿದ ಪಡಸಾಲೆಗೆ ಗಂಡಸೊಬ್ಬ ಕ್ಯಾಮೆರಾ ಹಿಡಿದು ನುಗ್ಗುವುದು ಬಹಳ ಮನೆಗಳಲ್ಲಿ ಹಿಡಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರೀಲು ತೊಳೆಸಲು ಬಾಗಲಕೋಟೆಗೆ ಕಳಿಸಿ ಕಾಯುವ ಕಾಲ ಮುಗಿಯುತ್ತ ಬಂದಿತ್ತು. ಕೌಂಟರಿನ ಮುಂದೆ ನಿಂತವರು "ಡಿಜಿಟಲ್ ಐತೇನ್ರಿ?" ಎಂದು ಕೇಳುವರು, ಇಲ್ಲವೆಂದರೆ ಎದುರಿನ ಅಂಗಡಿ ಕಡೆ ನೋಡುವರು. ಕೊನೆಗೆ ಅಪ್ಪ ಯಾರೋ ಫೋಟೊಗ್ರಾಫರ್ ಬಳಸಿ ಬಿಟ್ಟಿದ್ದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡು ತಂದ. ದೊಡ್ಡದು, ಕಪ್ಪಗೆ, ಕೈಯಲ್ಲಿ ಹಿಡಿದರೆ ಸೇರುಗಲ್ಲಿನಷ್ಟು ಭಾರ. ಅದರೊಂದಿಗೆ ಕೊಡಬೇಕಿದ್ದ ಪುಸ್ತಕ ಎಲ್ಲೋ ಕಳೆದುಹೋಗಿತ್ತು. ಅಪ್ಪ ಅದನ್ನು ನನ್ನ ಕೈಗಿಟ್ಟು, "ಇದರ ಗೊಡವಿ ನಿಂದು ನೋಡವ್ವ. ನನಗ ಇದರೊಳಗಿಂದು ಏನೂ ತಿಳಿಯೂದಿಲ್ಲ" ಎಂದ. ನಾನು ಗುಂಡಿ ಒತ್ತಿ ಒತ್ತಿಯೇ ಕಲಿತೆ.

ಆ ಬೇಸಿಗೆಯಲ್ಲಿ ಬಾದಾಮಿಯಿಂದ ಗೆಳತಿಯ ಫೋನು ಬಂತು. ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬೆಳೆದವರು ನಾವು. ಅವರದು ನೇಕಾರರ ಮನೆ. ಸಾಲೆ ಬಿಟ್ಟ ಮೇಲೆ ಅವರ ಮನೆಯ ಮಗ್ಗದ ಕುಣಿಯ ಅಂಚಿಗೆ ಕೂತು ಇಬ್ಬರೂ ಹುಣಸೆಹಣ್ಣು ತಿನ್ನುತ್ತಿದ್ದೆವು. ಬಾದಾಮಿಗೆ ಮದುವೆಯಾಗಿ ಹೋದ ಮೇಲೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಏಳು ತಿಂಗಳು ತುಂಬಿತ್ತು. ಗಂಡನ ಮನೆಯಲ್ಲಿಯೇ ಕುಬಸ ಎಂದು ನಿಶ್ಚಯವಾಗಿತ್ತು.

"ನೀನ ಬರಬೇಕು. ಬ್ಯಾರೆ ಯಾರೂ ಬ್ಯಾಡ" ಎಂದಳು. "ಆ ಡಿಜಿಟಲ್ ತಗೊಂಡ ಬಾ."

"ಯಾಕ, ರೀಲಿನ ಕ್ಯಾಮೆರಾ ಆಗೂದಿಲ್ಲೇನು? ಅದರಾಗ ಬಣ್ಣ ಚಲೋ ಬರ್ತಾವ."

"ಬ್ಯಾಡ. ತಗದ ಕೂಡ್ಲೆ ನಾ ನೋಡಬೇಕು. ನನ್ನ ಮಾರಿ ಬರೋಬ್ಬರಿ ಕಾಣ್ಲಿಲ್ಲಂದ್ರ ಅಲ್ಲೇ ಮತ್ತೊಂದು ತಗಿ ಅಂತೇನಿ. ಮದಿವ್ಯಾಗಿನವು ನೋಡೀಯಲ್ಲ?"

ನೋಡಿದ್ದೆ. ಅವಳದು ಎಣ್ಣೆಗಪ್ಪು ಮೈಬಣ್ಣ. ಮದುವೆಯಲ್ಲಿ ಯಾರೋ ಮುಖಕ್ಕೆ ಪೌಡರು ಬಳಿದು, ಮೇಲಿಂದ ಫ್ಲ್ಯಾಶ್ ಹೊಡೆದು, ಸುಣ್ಣ ಹಚ್ಚಿದ ಗೋಡೆಯ ಹಾಗೆ ಮಾಡಿಟ್ಟಿದ್ದರು. ಆಲ್ಬಮ್ ತಿರುವಿದ ನಮ್ಮವ್ವ, "ಇದು ಯಾರ ಮದಿವಿ?" ಎಂದು ಕೇಳಿದ್ದಳು.

ಹೊರಡುವ ಮುಂಚಿನ ದಿನ ಎಲ್ಲ ಸರಿ ಇದೆಯೋ ನೋಡೋಣವೆಂದು ಅಪ್ಪನನ್ನು ಸ್ಟುಡಿಯೊದ ಹೊರಗೆ ಬಿಳಿ ಗೋಡೆಗೆ ನಿಲ್ಲಿಸಿ ಒಂದು ಫೋಟೊ ತೆಗೆದೆ. ಅಪ್ಪನ ಮುಖ ಮಸಿಯಾಗಿ ಬಂತು. ಅದರಲ್ಲಿ ಆಶ್ಚರ್ಯವೇನಿಲ್ಲ, ಹಿಂದೆ ಬೆಳ್ಳಗೆ ಹೊಳೆಯುವುದಿದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಿಬಿಡುತ್ತದೆ. ಅದನ್ನು ತಿದ್ದಲು ಮೇಲಿನ ಪುಟ್ಟ ಪರದೆಯಲ್ಲಿ ತಕ್ಕಡಿಯಂಥ ಒಂದು ಗೆರೆ, ನಡುವೆ ಒಂದು ಮುಳ್ಳು ಇರುತ್ತಿತ್ತು. ಕ್ಯಾಮೆರಾದ ಬೆನ್ನಿನ ಮೇಲಿನ ಚಕ್ರವನ್ನು ಬಲಕ್ಕೆ ತಿರುವಿದರೆ ಮುಳ್ಳು ಬಲಕ್ಕೆ ಸರಿದು ಚಿತ್ರ ಬೆಳ್ಳಗಾಗುವುದು, ಎಡಕ್ಕೆ ತಿರುವಿದರೆ ಕಪ್ಪಾಗುವುದು. ನಾನು ಎಂದಿನಂತೆ ತಿರುವಿದೆ. ಚಕ್ರ ಗರಗರ ತಿರುಗಿತು. ಮುಳ್ಳು ಮಾತ್ರ ನಡುವೆಯೇ ನಿಂತಿತ್ತು.

ಬ್ಯಾಟರಿ ತೆಗೆದು ಹಾಕಿದೆ. ಲೆನ್ಸ್ ಬಿಚ್ಚಿ ತೊಡಿಸಿದೆ. ಒಳಗಿನ ಸೆಟ್ಟಿಂಗುಗಳನ್ನೆಲ್ಲ ಮೊದಲಿನಂತೆ ಮಾಡುವ ಗುಂಡಿ ಒತ್ತಿದೆ. ಮೇಲಿನ ಮೋಡು ಬದಲಿಸಿ ಬದಲಿಸಿ, ಬರೀ ಗೋಡೆಯನ್ನೂ ತೆಗೆದು ನೋಡಿದೆ. ಮುಳ್ಳು ಮಿಸುಕಲಿಲ್ಲ. ಹೋದ ವಾರ ತಾನೇ ಒಂದು ತೊಟ್ಟಿಲ ಕಾರ್ಯದಲ್ಲಿ ಇದೇ ಚಕ್ರ ಹೇಳಿದಂತೆ ಕೇಳಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಹೋಗಿ ತನ್ನ ರೀಲಿನ ಕ್ಯಾಮೆರಾವನ್ನು ಒರೆಸಿ ತಂದು ಕೌಂಟರಿನ ಮೇಲಿಟ್ಟ.

"ಇದನ್ನ ಒಯ್ಯಿ. ಯಾಕ ಒದ್ದಾಡ್ತಿ?"

"ಆಕಿ ಅಲ್ಲೇ ನೋಡ್ಬೇಕು ಅಂತಾಳಪ್ಪ."

"ನೋಡದ ಇದ್ರ ಫೋಟೊ ಓಡಿ ಹೋಗ್ತಾವೇನು? ಇಷ್ಟ ವರ್ಷ ಮಂದಿ ಕಾದಿಲ್ಲೇನು?"

ನಾನು ಅದನ್ನು ಕೌಂಟರಿನ ಮೇಲೆಯೇ ಬಿಟ್ಟು ಡಿಜಿಟಲ್ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ. ಅವನು ಹೇಳಿದ್ದು ಸರಿಯೇ ಇತ್ತು. ಆದರೆ ಫೋನಿನಲ್ಲಿ ಅವಳು "ತಗದ ಕೂಡ್ಲೆ ನಾ ನೋಡಬೇಕು" ಎಂದ ದನಿ ಕಿವಿಯಲ್ಲಿತ್ತು. ಅದು ಹಟದ ದನಿಯಾಗಿರಲಿಲ್ಲ. ಬೇರೆ ಏನೋ ಅದರೊಳಗಿತ್ತು. ಏನೆಂದು ಗೊತ್ತಾಗದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆ. ಬಾಗಲಕೋಟೆಯಲ್ಲಿ ರಿಪೇರಿ ಮಾಡಿಸಿ ಅಲ್ಲಿಂದಲೇ ಬಾದಾಮಿಗೆ ಹೋಗುವುದು ನನ್ನ ಲೆಕ್ಕ. ಬಸ್ಸು ಹುನಗುಂದದಲ್ಲಿ ನಿಂತಿತು, ಕಂಡಕ್ಟರ್ ಚಹಾಕ್ಕೆ ಇಳಿದ. ನಿಲ್ದಾಣದ ಹತ್ತಿರ ಒಂದು ಇಂಟರ್‌ನೆಟ್ ಅಂಗಡಿಯ ಫಲಕ ಕಂಡು, ಕ್ಯಾಮೆರಾದ ಪುಸ್ತಕ ಅದರಲ್ಲಾದರೂ ಸಿಕ್ಕೀತೆಂದು ಓಡಿದೆ. ಬಾಗಿಲಲ್ಲೇ ಕೂತಿದ್ದಾತ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, "ಕರೆಂಟ್ ಇಲ್ರಿ ಅಕ್ಕಾರ. ಯಾವಾಗ ಬರ್ತೈತಿ ಹೇಳಾಕ ಬರೂದಿಲ್ಲ" ಎಂದ. ಹಿಂದಕ್ಕೆ ಓಡಿ ಬಂದರೆ ಬಸ್ಸು ಇನ್ನೂ ನಿಂತೇ ಇತ್ತು. ಅದು ಹೊರಡುವವರೆಗೆ ನಾನು ಚೀಲದೊಳಗೆ ಕೈ ಹಾಕಿ ಆ ಚಕ್ರವನ್ನು ತಿರುವುತ್ತಲೇ ಇದ್ದೆ, ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವ ಹಾಗೆ.

ರಿಪೇರಿ ಅಂಗಡಿ ಹಳೇ ಬಾಗಲಕೋಟೆಯ ಮಾರುಕಟ್ಟೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬಂದು ಅರ್ಧ ಊರು ನವನಗರಕ್ಕೆ ಎದ್ದು ಹೋಗಿದ್ದರೂ ಅಲ್ಲಿ ಅಂಗಡಿಗಳು ಎಂದಿನಂತೆ ನಡೆದಿದ್ದವು. ಅಂಗಡಿಯವನು ಟೇಪ್‌ರೆಕಾರ್ಡರುಗಳ ಗುಡ್ಡೆಯ ನಡುವೆ ಜಾಗ ಮಾಡಿ ನನ್ನ ಕ್ಯಾಮೆರಾ ಇಟ್ಟುಕೊಂಡ. ಬ್ಯಾಟರಿಯ ಜಾಗಕ್ಕೆ ಊದಿದ, ಹತ್ತಿಯಿಂದ ಒರೆಸಿದ, ಚಕ್ರ ತಿರುವಿ ಕಿವಿಗೆ ಹಿಡಿದ.

"ಬೋರ್ಡ್ ಹೋಗೇತ್ರಿ ಅಕ್ಕಾರ" ಎಂದ. "ಇಲ್ಲಿ ಆಗೂದಲ್ಲ. ಬಿಟ್ಟ ಹೋಗ್ರಿ, ಹುಬ್ಬಳ್ಳಿಗೆ ಕಳಸ್ತೇನಿ. ತಿಂಗಳೊಪ್ಪತ್ತು ಆಗ್ತೈತಿ."

"ನಾಳೆನ ಕುಬಸ ಐತ್ರಿ. ಬ್ಯಾರೆ ಏನೂ ಮಾಡಾಕ ಬರೂದಿಲ್ಲೇನ್ರಿ?"

"ಬಿಚ್ಚಿ ನೋಡ್ತೇನಿ ಬೇಕಾದ್ರ. ಬಿಚ್ಚಿದ್ದು ಹೊಳ್ಳಿ ಜೋಡಸೂದು ಮಾತ್ರ ಇವತ್ತ ಆಗೂದಿಲ್ಲ."

ಅವನು ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡಾಗ ನಾನು ಕ್ಯಾಮೆರಾವನ್ನು ಹೆಚ್ಚುಕಡಿಮೆ ಕಸಿದುಕೊಂಡೆ. ಅವನಿಗೆ ಬೇಸರವಾಯಿತು. "ನಂಬಿಕಿ ಇಲ್ಲಂದ್ರ ಒಯ್ರಿ" ಎಂದು ಮತ್ತೆ ಟೇಪ್‌ರೆಕಾರ್ಡರಿಗೆ ತಿರುಗಿದ. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಗಳಿಗೆ ಇಳಕಲ್ಲಿಗೆ ಹಿಂತಿರುಗಿ ಅಪ್ಪನ ಕ್ಯಾಮೆರಾ ತರಲೇ ಎನ್ನಿಸಿತು. ನಿಲ್ದಾಣಕ್ಕೆ ಬರುವಷ್ಟರಲ್ಲಿ ಕೆರೂರ ಮೇಲಿಂದ ಬಾದಾಮಿಗೆ ಹೋಗುವ ಬಸ್ಸು ಹೊರಟು ನಿಂತಿತ್ತು, ಹತ್ತಿಬಿಟ್ಟೆ.

ಪಕ್ಕದಲ್ಲಿ ಕೆರೂರ ಸಂತೆಗೆ ಹೊರಟ ಮುದುಕಿಯೊಬ್ಬಳು ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು. ನಾನು ಹಿಂದಿನ ದಿನದ ಫೋಟೊಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತಿದ್ದೆ. ಅವಳು ಬಗ್ಗಿ ನೋಡಿ, "ಇವರ್ಯಾರಬೇ?" ಎಂದಳು.

"ನಮ್ಮಪ್ಪ."

"ಹಿಂಗ್ಯಾಕ ಹೊಗಿ ಹಿಡದಾಂಗ ಆಗ್ಯಾನ?"

ತೋರಿಸಿ ಹೇಳಲೆಂದು ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದೆ. ನನ್ನ ಹೆಬ್ಬೆರಳು ಆ ಚಕ್ರದ ಮೇಲೆಯೇ ಇತ್ತು. ಫೋಟೊಗಳನ್ನು ಸರಿಸುತ್ತಿದ್ದದ್ದು ಅದೇ ಚಕ್ರ. ಅದನ್ನು ತಿರುವಿದಂತೆ ಅಪ್ಪ ಹೋಗಿ ಗೋಡೆ ಬರುತ್ತಿತ್ತು, ಗೋಡೆ ಹೋಗಿ ಅಪ್ಪ ಬರುತ್ತಿದ್ದ. ಹಾಗಾದರೆ ಚಕ್ರ ಸತ್ತಿರಲಿಲ್ಲ, ಬೋರ್ಡೂ ಹೋಗಿರಲಿಲ್ಲ. ಫೋಟೊ ತೋರಿಸುವಾಗ ಕೆಲಸ ಮಾಡುವುದು ಬೆಳಕು ತಿದ್ದುವಾಗ ಮಾತ್ರ ಮಾಡುತ್ತಿಲ್ಲ ಎಂದರೆ, ಅದನ್ನು ಯಾವುದೋ ಒಂದು ಬೇಡವೆಂದು ತಡೆದಿದೆ. ಯಾವುದು? ಕೆರೂರಿನಲ್ಲಿ ಮುದುಕಿ ಇಳಿದಳು, ಸಂತೆಯ ಮಂದಿ ಹತ್ತಿ ಬಸ್ಸು ಕಿಕ್ಕಿರಿಯಿತು. ನಾನು ಮೊಣಕಾಲುಗಳ ನಡುವೆ ಕ್ಯಾಮೆರಾ ಹಿಡಿದು ಮತ್ತೆ ಎಲ್ಲ ಗುಂಡಿ ಒತ್ತಿದೆ. ಕೆಟ್ಟಿಲ್ಲ ಎಂದು ತಿಳಿದ ಮೇಲೆ ಚಡಪಡಿಕೆ ಇನ್ನೂ ಹೆಚ್ಚಾಯಿತು. ಕೆಟ್ಟದ್ದಾದರೆ ಕೈಬಿಡಬಹುದು, ಕೆಡದೆ ಸುಮ್ಮನೆ ಕೂತದ್ದನ್ನು ಏನು ಮಾಡುವುದು?

ಗೆಳತಿಯ ಮನೆ ಬಾದಾಮಿಯ ಹೊಂಡದ ಹತ್ತಿರದ ಓಣಿಯಲ್ಲಿತ್ತು. ಗಂಡ ಬಸ್ ನಿಲ್ದಾಣದ ಎದುರು ಮೋಟರು, ವೈರು, ಬಲ್ಬುಗಳ ಅಂಗಡಿ ನಡೆಸುತ್ತಿದ್ದ. ಸಂಜೆ ನನ್ನನ್ನು ಮಾಳಿಗೆಗೆ ಕರೆದೊಯ್ದಳು. ಒಂದು ಕೈ ಸೊಂಟಕ್ಕೆ, ಒಂದು ಕೈ ಗೋಡೆಗೆ ಕೊಟ್ಟು ಹತ್ತಿದಳು. "ಚೀಲ ಹುಷಾರು, ಮಂಗ್ಯಾ ಒಯ್ತಾವ" ಎಂದು ನಗುತ್ತ ಎದುರಿನ ಕೆಂಪು ಬಂಡೆಯ ಮೇಲೆ ಸಾಲಾಗಿ ಕೂತ ಕೋತಿಗಳನ್ನು ತೋರಿಸಿದಳು. ಕ್ಯಾಮೆರಾದ ಸಂಗತಿ ಆಗಲೇ ಹೇಳಿಬಿಡಬೇಕೆಂದಿದ್ದೆ. ಆದರೆ ಅವಳು ರವಿಕೆಯ ಒಳಗಿನಿಂದ ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದು ಅದರೊಳಗಿನ ಫೋಟೊವನ್ನು ನನ್ನ ಕೈಗಿಟ್ಟಳು.

ಯಾರದೋ ಮದುವೆಯ ಗುಂಪಿನ ಚಿತ್ರ. ಹಿಂದಿನ ಸಾಲಿನ ತುದಿಯಲ್ಲಿ, ಬಾಗಿಲ ಬೆಳಕಿಗೆ ಬೆನ್ನು ಮಾಡಿ ಒಬ್ಬ ಹೆಂಗಸು ನಿಂತಿದ್ದಳು. ಸೆರಗು ಕಾಣುತ್ತಿತ್ತು. ಮುಖವಿರಬೇಕಾದಲ್ಲಿ ಕಪ್ಪು ಮಚ್ಚೆ, ಅದರ ನಡುವೆ ಮೂಗುಬೊಟ್ಟಿನ ಒಂದು ಚುಕ್ಕೆ.

"ನಮ್ಮವ್ವ" ಎಂದಳು. "ಇದೊಂದ ಇರೂದು."

ಅವಳನ್ನು ಹೆತ್ತು ಕೆಲವೇ ದಿನಗಳಲ್ಲಿ ಅವಳ ತಾಯಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಅವಳನ್ನು ಸಾಕಿದ್ದು ಅಜ್ಜಿ. ಈ ಫೋಟೊ ಮಾತ್ರ ಅಷ್ಟು ವರ್ಷದ ಗೆಳೆತನದಲ್ಲಿ ಒಮ್ಮೆಯೂ ತೋರಿಸಿರಲಿಲ್ಲ.

"ಎಲ್ಲಾರೂ ನೀ ನಿಮ್ಮವ್ವನ ಹಂಗ ಅದಿ ಅಂತಾರ. ನಾ ಕನ್ನಡಿ ನೋಡ್ಕೊಂಡು ಆಕಿ ಹೆಂಗ ಇದ್ಲು ಅಂತ ತಿಳ್ಕೋಬೇಕು" ಎಂದಳು. ಫೋಟೊವನ್ನು ಮತ್ತೆ ಚೀಲದೊಳಗಿಟ್ಟು ಹೇಳಿದಳು: "ನನಗೇನರ ಆದ್ರ ನನ್ನ ಕೂಸಿಗೆ ಹಿಂಗ ಆಗಬಾರ್ದು. ಅದಕ್ಕ ನಿನ್ನ ಕರದೆ."

"ಹಂಗೆಲ್ಲಾ ಮಾತಾಡಬ್ಯಾಡ."

"ಮಾತಾಡಿದ್ರ ಆಗ್ತೈತೇನು? ಮಾತಾಡ್ಲಿಲ್ಲಂದ್ರ ಆಗೂದಿಲ್ಲೇನು?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ಮಾರುಕಟ್ಟೆಯಿಂದ ತರಬೇಕಾದ ಸಾಮಾನು ಹೇಳುವವಳ ಹಾಗೆ ಹೇಳಿದಳು. ಆ ಮೇಲೆ ನಾನು ಕ್ಯಾಮೆರಾದ ಮಾತೆತ್ತಲಾರದೆ ಹೋದೆ. ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡಿದ್ದೇ ಬಂತು.

ಬೆಳಗಾದರೆ ಮನೆ ತುಂಬ ಹೆಂಗಸರು. ಇಳಕಲ್ಲಿನಿಂದ ಅವಳ ದೊಡ್ಡವ್ವ ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ, ಬುಟ್ಟಿಗಳಲ್ಲಿ ಉಂಡೆ, ಕರ್ಚಿಕಾಯಿ ತಂದಿದ್ದಳು. ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಬಸುರಿ ಮೂಡಣಕ್ಕೆ ಮುಖ ಮಾಡಿ ಕೂರಬೇಕು. ಆ ಮನೆಯ ಬಾಗಿಲಿದ್ದದ್ದು ಪಡುವಣಕ್ಕೆ. ಹೀಗಾಗಿ ತೆರೆದ ಬಾಗಿಲು ಅವಳ ಬೆನ್ನ ಹಿಂದೆ, ಅದರಾಚೆ ಬಿಸಿಲಿಗೆ ಬೆಳ್ಳಗೆ ಉರಿಯುವ ಎದುರುಮನೆಯ ಗೋಡೆ. ಹಿಂದಿನ ಸಂಜೆ ನೋಡಿದ ಆ ಫೋಟೊದಲ್ಲಿ ಅವಳ ತಾಯಿ ನಿಂತದ್ದೂ ಹೀಗೇ.

"ಅವ್ವಾರ, ಬಾಗಲಾ ಸ್ವಲ್ಪ ಮುಚ್ಚೂಣೇನ್ರಿ?" ಎಂದು ಅವಳ ಅತ್ತೆಯನ್ನು ಕೇಳಿದೆ. ಕಟ್ಟುಮಸ್ತಾದ ಹೆಂಗಸು, ಮಾತು ಕಡಿಮೆ. ಫೋಟೊ ತೆಗೆಸುವುದೇ ಅವರಿಗೆ ಮನಸ್ಸಿರಲಿಲ್ಲ. ಹುಟ್ಟದ ಕೂಸಿಗೆ ದೃಷ್ಟಿ ತಾಗುತ್ತದೆಂಬ ಅಂಜಿಕೆ. ಎರಡು ಸಲ ಕಳಕೊಂಡ ಮನೆಯಲ್ಲಿ ಆ ಅಂಜಿಕೆಯನ್ನು ಹಗುರಾಗಿ ತಳ್ಳಿಹಾಕುವಂತಿರಲಿಲ್ಲ.

"ಕುಬಸದ ದಿನ ತಲಬಾಗಲಾ ಮುಚ್ಚತಾರೇನು ಯವ್ವಾ?" ಎಂದರು ಅವರು. ಮಾತು ಅಲ್ಲಿಗೆ ಮುಗಿಯಿತು.

ಮೊದಲನೆಯದು ತೆಗೆದೆ. ಬಾಗಿಲು ಬೆಳ್ಳಗೆ, ಅವಳು ಕಪ್ಪು ನೆರಳು. ಫ್ಲ್ಯಾಶ್ ಹಾಕಿ ಇನ್ನೊಂದು ತೆಗೆದೆ. ಈ ಸಲ ಕೆನ್ನೆ ಹಣೆಗಳೆಲ್ಲ ಬೆಳ್ಳಗೆ ಮಿರುಗಿದವು. ಅವಳು ಕೈ ಚಾಚಿದಳು. ಪರದೆ ತೋರಿಸಿದೆ.

"ಇದು ಯಾರು?" ಎಂದಳು.

ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: "ಬೆಳಕ ತಿದ್ದೂ ಚಕ್ರ ನಡ್ಯಾಕತ್ತಿಲ್ಲ. ಮೊನ್ನಿಯಿಂದ ಹಿಂಗ ಐತಿ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡೆ. "ಹೆಂಗರ ಮಾಡು" ಎಂದಷ್ಟೇ ಹೇಳಿ ಕೈ ಮುಂದೆ ಚಾಚಿದಳು. ಬಳೆ ತೊಡಿಸುವವಳು ಬಂದು ಕೂತಿದ್ದಳು.

ಬಳೆ ತೊಡಿಸುವುದನ್ನು ತೆಗೆಯಲು ಕ್ಯಾಮೆರಾವನ್ನು ಕೆಳಗೆ ಅವಳ ಮಡಿಲ ಕಡೆ ತಿರುಗಿಸಿ ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದೆ. ಅಷ್ಟರಲ್ಲಿ ಯಾರೋ ಏನೋ ಅಂದರು, ಅವಳು ತಲೆಯೆತ್ತಿ ನಕ್ಕಳು. ಒತ್ತಿದ ಬೆರಳು ಬಿಡದೆ ಹಾಗೆಯೇ ಮೇಲಕ್ಕೆತ್ತಿ ತೆಗೆದೆ. ಪರದೆಯ ಮೇಲೆ ಅವಳ ಮುಖ ಬಂತು. ಹಿಂದೆ ಬಾಗಿಲು ಬೆಳಕಿನಲ್ಲಿ ಕರಗಿ ಹೋಗಿತ್ತು, ಹೋಗಲಿ. ಮುಖ ಮಾತ್ರ ಇದ್ದಂತೆ ಇತ್ತು. ಕಡುಹಸಿರು ಸೀರೆ ನೋಡಿದ ಕ್ಯಾಮೆರಾ ಇಲ್ಲಿ ಕತ್ತಲೆ ಇದೆಯೆಂದು ತಿಳಿದು ಹೆಚ್ಚು ಬೆಳಕು ಒಳಗೆ ಬಿಟ್ಟುಕೊಂಡಿತ್ತು. ಬೆರಳು ಬಿಡುವವರೆಗೆ ಆ ಅಳತೆ ಹಾಗೆಯೇ ನಿಂತಿತ್ತು.

ಆ ಮೇಲೆ ಪ್ರತಿ ಸಲ ಹಾಗೇ ಮಾಡಿದೆ. ಮೊದಲು ಮಡಿಲಿನ ಹಸಿರಿಗೆ ಹಿಡಿಯುವುದು, ಅರ್ಧ ಒತ್ತುವುದು, ಮುಖಕ್ಕೆ ಎತ್ತುವುದು. ಹೆಂಗಸರು ನಗತೊಡಗಿದರು. "ಈಕಿ ನೋಡ ಯವ್ವಾ, ಪ್ರತಿ ಸಲ ಹೊಟ್ಟಿಗೆ ಶರಣು ಮಾಡಿ ಫೋಟೊ ತಗೀತಾಳ" ಎಂದಳು ದೊಡ್ಡವ್ವ. ಎಲ್ಲರೂ ನಗುತ್ತಿದ್ದಾಗ ಅತ್ತೆ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಗಿತ್ತು.

"ಹೊಟ್ಟಿಗೆ ಯಾಕ ಹಿಡೀತಿ ಅದನ್ನ?"

"ಅವ್ವಾರ, ಹೊಟ್ಟಿ ಫೋಟೊ ತಗ್ಯಾಕತ್ತಿಲ್ರಿ. ಸೀರಿ ಬಣ್ಣ ನೋಡಿ ಬೆಳಕ ಹಿಡ್ಯಾಕತ್ತೇನಿ. ಇಲ್ಲಂದ್ರ ಆಕಿ ಮಾರಿ ಕರ್ರಗ ಬರ್ತೈತ್ರಿ."

"ಬರಲಿ. ಹೊಟ್ಟಿ ಕಡೆ ಆ ಕಣ್ಣ ತಿರವಬ್ಯಾಡ."

ನಗು ನಿಂತಿತು. ಗೆಳತಿ ಮಣೆಯ ಮೇಲಿಂದ ಮೆಲ್ಲಗೆ, "ಅತ್ತೀ" ಎಂದಳು. "ನಮ್ಮವ್ವನ ಫೋಟೊ ನೀವೂ ನೋಡೀರಿ."

ಅವರು ಸೊಸೆಯನ್ನು ನೋಡಿದರು. ಆಮೇಲೆ ನನ್ನ ಕೈ ಬಿಟ್ಟು, ತಾವು ಉಟ್ಟ ಇಳಕಲ್ ಸೀರೆಯ ಕಡುಗೆಂಪು ಒಡಲನ್ನು ಒಂದು ಸಲ ನೋಡಿಕೊಂಡರು. ಮಣೆಯ ಪಕ್ಕದಲ್ಲಿ, ಸೊಸೆಯ ಭುಜಕ್ಕೆ ಭುಜ ತಾಗುವಂತೆ ನೆಲದ ಮೇಲೆ ಕೂತರು.

"ಇದೂ ಕರ್ರಗ ಐತಿ. ನನಗ ಹಿಡಿ" ಎಂದರು. "ಈ ವಯಸ್ಸಿನ್ಯಾಗ ನನಗ್ಯಾವ ದೃಷ್ಟಿ ತಾಗತೈತಿ."

ಆ ಮೇಲೆ ಉಡಿ ತುಂಬುವವರೆಗೂ, ಆರತಿ ಎತ್ತುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಅಡುಗೆಮನೆಯಿಂದ ಕೂಗು ಬಂದರೆ ಕೂತಲ್ಲಿಂದಲೇ ಉತ್ತರ ಕೊಟ್ಟರು. ಕಾಲು ಜೋಮು ಹಿಡಿದಾಗ ಒಂದು ಕಾಲನ್ನು ಚಾಚಿದರು, ಅಷ್ಟೇ. ನಾನು ಕ್ಯಾಮೆರಾವನ್ನು ಅವರ ಮಡಿಲಿಗೆ ಹಿಡಿದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಆ ದಿನದ ಫೋಟೊಗಳ ಅಂಚಿನಲ್ಲೆಲ್ಲ ಕಣ್ಣು ಮುಚ್ಚಿದ ಅತ್ತೆ ಇದ್ದಾರೆ.

ಊಟ ಮುಗಿದು ಹೆಂಗಸರು ಚದುರಿದರು. ಗೆಳತಿ ಒಳಗಿನ ಕೋಣೆಯಲ್ಲಿ ಮಲಗಿ ನಿದ್ದೆ ಹೋದಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಕೆಲಸ ಹೇಗೋ ಆಗಿತ್ತು, ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ತೆಗೆದವುಗಳಲ್ಲಿ ಬಹಳಷ್ಟು ಹೆಚ್ಚುಕಡಿಮೆ ಆಗಿದ್ದವು. ನಾನಂದುಕೊಂಡ ಹಾಗೆ ಒಂದೂ ಇರಲಿಲ್ಲ. ಬ್ಯಾಟರಿ ಉಳಿಯಲೆಂದು ಸ್ವಿಚ್ಚು ಆರಿಸಿದೆ, ಮತ್ತೆ ಏನೋ ನೆನಪಾಗಿ ಹಾಕಿದೆ. ಸಿಟ್ಟಿನಲ್ಲಿ ಹೆಬ್ಬೆರಳು ಜೋರಾಗಿ ನೂಕಿತ್ತು. ಸ್ವಿಚ್ಚು ಟಕ್ಕೆಂದು ಈ ಮೂರು ದಿನ ಇದ್ದ ಜಾಗಕ್ಕೆ ಬಂತು, ಅಲ್ಲಿಂದ ಇನ್ನೊಮ್ಮೆ ಟಕ್ಕೆಂದು ಮೇಲಕ್ಕೆ ಹೋಯಿತು.

ಮೇಲೆ ಇನ್ನೊಂದು ಜಾಗವಿತ್ತು. ಅದರ ಪಕ್ಕ ಅಕ್ಷರವಿರಲಿಲ್ಲ, ಮುರಿದ ಕಡ್ಡಿಯಂಥ ಬಿಳಿ ಗೆರೆ ಮಾತ್ರ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ಅಂದಕ್ಕೆ ಬರೆದದ್ದೆಂದು ತಿಳಿದಿದ್ದೆ. ಚಕ್ರ ತಿರುವಿದೆ. ಮುಳ್ಳು ಬಲಕ್ಕೆ ಸರಿಯಿತು. ಎಡಕ್ಕೆ ತಿರುವಿದೆ, ಎಡಕ್ಕೆ ಬಂತು.

ಆಗ ಎಲ್ಲ ಹೊಂದಿಕೊಂಡಿತು. ಕ್ಯಾಮೆರಾ ನಮ್ಮ ಮನೆಗೆ ಬಂದಾಗ ಸ್ವಿಚ್ಚು ಪೂರ್ತಿ ಮೇಲೆಯೇ ಇತ್ತು. ಬಿಟ್ಟರೆ ಅದು ತಾನಾಗಿ ನಿದ್ದೆ ಹೋಗುತ್ತಿದ್ದರಿಂದ ನಾನು ಒಮ್ಮೆಯೂ ಆರಿಸಿರಲಿಲ್ಲ. ತೊಟ್ಟಿಲ ಕಾರ್ಯದಿಂದ ಬಂದ ಮೇಲೆ ಅಪ್ಪ ಅದನ್ನು ಒರೆಸಿ, ಆರಿಸಿ ಇಟ್ಟಿದ್ದ. ನಾನು ಮತ್ತೆ ಹಾಕುವಾಗ ಮೊದಲ ಟಕ್ಕಿಗೇ ನಿಲ್ಲಿಸಿದ್ದೆ. ಅಲ್ಲಿ ಕ್ಯಾಮೆರಾ ಎಲ್ಲ ಕೆಲಸ ಮಾಡುತ್ತದೆ, ಬೆಳಕು ತಿದ್ದುವ ಚಕ್ರಕ್ಕೆ ಮಾತ್ರ ಬೀಗ. ಕೈ ತಗಲಿ ಮುಳ್ಳು ಸರಿಯದಿರಲೆಂದು ಮಾಡಿದ ಬೀಗವಂತೆ. ಅದು ಆಮೇಲೆ ತಿಳಿಯಿತು.

ಸಂತೋಷವಾಗಬೇಕಿತ್ತು, ಆಗಲಿಲ್ಲ. ಹುನಗುಂದದಲ್ಲಿ ಓಡಿದ್ದು, ಬಾಗಲಕೋಟೆಯ ಬಿಸಿಲು, ಎಲ್ಲಕ್ಕಿಂತ ಹೆಚ್ಚಾಗಿ ಆ ಮುದಿಜೀವವನ್ನು ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂರಿಸಿದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಎದ್ದು ಒಳಗೆ ಇಣುಕಿದೆ. ಗೆಳತಿ ಬಾಯಿ ಅರೆತೆರೆದು ಮಲಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಅಂಗಳಕ್ಕೆ ಹೋದೆ, ಮಾಳಿಗೆ ಹತ್ತಿದೆ, ಇಳಿದೆ. ಇಳಕಲ್ಲಿಗೆ ಕೊನೆಯ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಅತ್ತೆ, "ಕುಂದರ ಯವ್ವಾ, ನಿನ್ನ ನೋಡಿ ನನ್ನ ತಲಿ ತಿರಗಾಕತ್ತೈತಿ" ಎಂದರು.

ಅವಳು ಎದ್ದಾಗ ಮುಖದ ಮೇಲೆ ಚಾಪೆಯ ಗೆರೆ ಮೂಡಿತ್ತು. ಚಕ್ರ ನಡೆಯುತ್ತಿದೆ ಎಂದು ಹೇಳಿದೆ. ಮುಖ ತೊಳೆದುಕೊಳ್ಳಲೂ ಬಿಡದೆ ಮಾಳಿಗೆ ಮೆಟ್ಟಿಲ ಬಳಿ ಕೂರಿಸಿದೆ. ಮುಳ್ಳನ್ನು ಒಂದಿಷ್ಟು ಬಲಕ್ಕೆ ಸರಿಸಿ ತೆಗೆದೆ, ಇನ್ನೊಂದಿಷ್ಟು ಸರಿಸಿ ಮತ್ತೆ ತೆಗೆದೆ. ಆ ಫೋಟೊಗಳಲ್ಲಿ ಅವಳ ಹುಬ್ಬಿನ ಕೂದಲೂ ಎಣಿಸುವಂತಿದ್ದವು. ಅವಳು ಕ್ಯಾಮೆರಾ ತನ್ನ ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡಿದಳು. ಮೆಟ್ಟಿಲ ಬಳಿ ತೆಗೆದವುಗಳನ್ನು ಬೇಗ ಬೇಗ ದಾಟಿಸಿ ಹಿಂದಕ್ಕೆ ಹೋದಳು. ಬಳೆ ತೊಡುವಾಗ ನಕ್ಕದ್ದು ಸಿಕ್ಕಿತು. ಬಾಗಿಲು ಬೆಳಕಿನಲ್ಲಿ ಕರಗಿದ, ನನ್ನ ಕಣ್ಣಿಗೆ ಹತ್ತು ತಪ್ಪು ಕಾಣುತ್ತಿದ್ದ ಚಿತ್ರ.

"ಇದು. ಇದನ್ನ ದೊಡ್ಡದು ಮಾಡಿಸು."

"ಈಗ ತಗದದ್ದು ಇದಕ್ಕಿಂತ ಚಲೋ ಐತಿ. ನೋಡು, ಎಷ್ಟ ಸ್ವಚ್ಛ ಬಂದೈತಿ."

"ಅದರಾಗ ನಾ ಫೋಟೊಕ್ಕ ಕುಂತೇನಿ. ಇದರಾಗ ನಗಾಕತ್ತೇನಿ" ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೂ ಎರಡನ್ನೂ ಹೋಲಿಸಿ ಹೋಲಿಸಿ ನೋಡಿದೆ, ಬ್ಯಾಟರಿ ಮುಗಿಯುವವರೆಗೆ.

ಮಳೆಗಾಲ ಹಿಡಿಯಿತು. ದೊಡ್ಡದು ಮಾಡಿಸಿದ ಫೋಟೊವನ್ನು ಬಾದಾಮಿಗೆ ಕಳಿಸಿಯಾಗಿತ್ತು. ಒಂದು ದಿನ ಸ್ಟುಡಿಯೊಕ್ಕೆ ಅವಳ ಗಂಡನ ಫೋನು ಬಂತು. ಬಾಗಲಕೋಟೆಯ ದವಾಖಾನೆಯಲ್ಲಿ ಹೆರಿಗೆಯಾಗಿದೆ, ಹೆಣ್ಣು ಕೂಸು, ಕೂಸು ಚೆನ್ನಾಗಿದೆ ಎಂದ. "ಆಕಿ?" ಎಂದೆ. ರಕ್ತ ಬಹಳ ಹೋಗಿದೆ, ಬಾಟಲಿ ಏರಿಸುತ್ತಿದ್ದಾರೆ, ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ ಎಂದು ಫೋನಿಟ್ಟ.

ಮತ್ತೆ ಫೋನು ಬಂದೀತೆಂದು ಕಾದೆ. ಬರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೆ ಬಂದವರನ್ನು ಕೂರಿಸಿ, ಕ್ಯಾಮೆರಾ ಎತ್ತಿ, ಏನು ಮಾಡುತ್ತಿದ್ದೇನೆಂದು ಮರೆತು ನಿಂತೆ. ಅಪ್ಪ ಬಂದು ಕೈಯಿಂದ ತೆಗೆದುಕೊಂಡ. "ನೀ ಹೋಗು. ಇಲ್ಲಿದ್ದು ಏನ ಮಾಡ್ತಿ?" ಎಂದ. ಅದೇ ಉಟ್ಟ ಸೀರೆಯಲ್ಲಿ ಬಸ್ಸು ಹತ್ತಿದೆ. ಆ ದಾರಿ ಅಷ್ಟು ಉದ್ದವಿದೆಯೆಂದು ನನಗೆ ಅಂದೇ ತಿಳಿದದ್ದು. ಅಮೀನಗಡದಲ್ಲಿ ದನದ ಸಂತೆಯ ಲಾರಿಗಳು ಅಡ್ಡ ನಿಂತು ಬಸ್ಸು ಮುಂದೆ ಹೋಗದಾದಾಗ ಇಳಿದು ನಡೆದೇ ಹೋಗಲೇ ಎನ್ನಿಸಿತು.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಮಡಿಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ನನ್ನನ್ನು ನೋಡಿ, ನಾನು ಕೇಳುವ ಮೊದಲೇ, "ಕಣ್ಣ ತಗದ್ಲು. ಗಂಜಿ ಕುಡದ್ಲು. ಈಗ ಮಲಗ್ಯಾಳ" ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ.

"ಎಲ್ಲಿ ನಿನ್ನ ಮಶಿನ್ನು?"

"ತಂದಿಲ್ರಿ ಅವ್ವಾರ."

"ಚಲೋ ಆತು. ನಾ ನಿನ್ನಿಯಿಂದ ಸೊಂಟಾ ಎತ್ತಿಲ್ಲ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಚಹಾ ಕುಡಿಯಲು ಹೊರಗೆ ಹೋದರು. ಕೂಸು ಮುಖ ಗಂಟಿಕ್ಕಿ, ಮುಷ್ಟಿ ಬಿಗಿದು, ಯಾರ ಹಾಗೂ ಕಾಣದೆ ಮಲಗಿತ್ತು. ಅದು ಎದ್ದೀತೆಂದು ನಾನು ಅಲುಗಾಡದೆ ಕೂತೆ.